ಕೆಮ್ಮು ಇದೆ, ಧೂಳು ಇಲ್ಲ: ಬ್ಯಾಡಗಿಯ ಗೋದಾಮಿನಲ್ಲಿ ಒಬ್ಬ ವಾಯು ಸಂಶೋಧಕಿ

ಮೆಣಸಿನಕಾಯಿ ರಾಶಿಯ ಸುತ್ತ ಕೂತು ತುಂಬು, ಅಂದರೆ ತೊಟ್ಟು, ಬಿಡಿಸುತ್ತಿದ್ದ ಹೆಂಗಸರೆಲ್ಲ ಕೆಮ್ಮುತ್ತಿದ್ದರು. ಬಾಗಿಲಲ್ಲಿ ನಿಂತ ಹಮಾಲರು ಸೀನುತ್ತಿದ್ದರು. ಅದೇ ಗೋದಾಮಿನ ಕಂಬಕ್ಕೆ ಕಟ್ಟಿದ್ದ ಸೆನ್ಸರ್ ಮಾತ್ರ ಇಲ್ಲಿನ ಗಾಳಿ 'ತೃಪ್ತಿಕರ' ಎಂದು ಹಸಿರು ಬಣ್ಣ ತೋರಿಸುತ್ತಿತ್ತು. ಸೆನ್ಸರ್ ಕೆಟ್ಟಿರಲಿಲ್ಲ. ಧಾರವಾಡದಲ್ಲಿ ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು, ತಾಳೆ ನೋಡಿಯೇ ತಂದದ್ದು. "ಗಾಳಿ ಚಲೋ ಐತಿ ಅಂತದೇನ್ರಿ ನಿಮ್ಮ ಮಷೀನು? ಹಂಗಾದ್ರ ಸಂಜೀತನಕ ಇಲ್ಲೇ ನಮ್ಮ ಜೋಡಿ ಕೂಡ್ರಿ" ಎಂದು ಒಬ್ಬ ಹಿರಿಯ ಹೆಂಗಸು ನಕ್ಕರು.

ಆ ಸೆನ್ಸರ್ ತಂದಿದ್ದ ಸಂಶೋಧಕಿಯದೇ ಈ ಪ್ರಕರಣ. ಹೆಸರು, ಹಳ್ಳಿ, ಕೆಲಸ ಮಾಡಿದ ಸಂಸ್ಥೆ ಇಲ್ಲಿ ಬೇಡ. ಹಾವೇರಿ ಜಿಲ್ಲೆಯವರು, ತಾಯಿ ಹಂಗಾಮಿನಲ್ಲಿ ಇಂಥದೇ ಗೋದಾಮುಗಳಿಗೆ ತುಂಬು ಬಿಡಿಸಲು ಹೋಗುತ್ತಿದ್ದವರು. ಬಿಎಸ್ಸಿ ಹಾವೇರಿಯಲ್ಲಿ, ಎಂಎಸ್ಸಿ ಪರಿಸರ ವಿಜ್ಞಾನ ಧಾರವಾಡದಲ್ಲಿ. ನಾನು ಹುಬ್ಬಳ್ಳಿಯಲ್ಲಿ ಸಮುದಾಯ ಆರೋಗ್ಯ ಓದುವವರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಅವರ ಪಿಎಚ್‌ಡಿ ಸಲಹಾ ಸಮಿತಿಯಲ್ಲಿ ಇದ್ದುದರಿಂದ ಈ ಕೆಲಸವನ್ನು ಹತ್ತಿರದಿಂದ ನೋಡಿದೆ. ಬರೆಯುವುದಕ್ಕೆ ಕಾರಣವಿಷ್ಟು: ವಾಯುಮಾಲಿನ್ಯ ಮತ್ತು ಜನಾರೋಗ್ಯ ಎಂಬ ಕ್ಷೇತ್ರಕ್ಕೆ ಹೋಗಬೇಕೆಂದು ನಮ್ಮ ಭಾಗದ ಮಕ್ಕಳು ಈಗ ಕೇಳಿಕೊಂಡು ಬರುತ್ತಾರೆ. ಅವರಿಗೆ ನಾವು ಕೋರ್ಸುಗಳ ಪಟ್ಟಿ ಕೊಟ್ಟು ಕಳಿಸುತ್ತೇವೆ. ಕೋರ್ಸು ದೊಡ್ಡ ಮಾತಲ್ಲ. ಯಂತ್ರವನ್ನು ಎಲ್ಲಿ ಇಡಬೇಕು ಎಂಬ ಒಂದೇ ಪ್ರಶ್ನೆ ಈ ವೃತ್ತಿಯನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಬ್ಯಾಡಗಿಯ ಆ ಮಧ್ಯಾಹ್ನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಛಾವಣಿಯ ಮೇಲಿನ ಪಾಠ

ಅವರ ಮೊದಲ ಕೆಲಸ ಫಿಲ್ಟರ್ ಬದಲಿಸುವುದು. ಕೇಳಲಿಕ್ಕೆ ಸಣ್ಣದು, ಕಲಿಯಲಿಕ್ಕೆ ದೊಡ್ಡದು. ರಾಷ್ಟ್ರೀಯ ವಾಯು ಗುಣಮಟ್ಟ ಮಾಪನ ಕಾರ್ಯಕ್ರಮದ ನಿಯಮದ ಪ್ರಕಾರ ಒಂದು ಕೇಂದ್ರದಲ್ಲಿ ವಾರಕ್ಕೆ ಎರಡು ದಿನ, ದಿನಕ್ಕೆ 24 ತಾಸು, ವರ್ಷಕ್ಕೆ ಕನಿಷ್ಠ 104 ಬಾರಿ ಗಾಳಿಯ ಮಾದರಿ ತೆಗೆಯಬೇಕು. ಬಿಳಿ ಫಿಲ್ಟರ್ ಹಾಳೆಯನ್ನು ಸ್ಥಿರ ತೇವ, ಸ್ಥಿರ ಉಷ್ಣತೆಯ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟು ತೂಗುವುದು. ಯಂತ್ರಕ್ಕೆ ಹಾಕುವುದು. ಕಪ್ಪಾಗಿಯೋ ಕೆಂಪಾಗಿಯೋ ಬಂದದ್ದನ್ನು ಮತ್ತೆ ಅದೇ ಪೆಟ್ಟಿಗೆಯಲ್ಲಿಟ್ಟು ಮತ್ತೆ ತೂಗುವುದು. ಎರಡು ತೂಕಗಳ ಅಂತರವನ್ನು ಎಳೆದ ಗಾಳಿಯ ಪ್ರಮಾಣದಿಂದ ಭಾಗಿಸಿದರೆ ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಅಂಕಿ ಬರುತ್ತದೆ. ಬೆರಳು ತಾಗಿದರೆ ಆ ಹಾಳೆ ಹೋಯಿತು. ಧಾರವಾಡದ ಜುಲೈ ಮಳೆಯಲ್ಲಿ ಪೆಟ್ಟಿಗೆಯ ತೇವ ಏರಿದರೆ ಆ ವಾರದ ತೂಕವೇ ಹೋಯಿತು.

ಹುಬ್ಬಳ್ಳಿ-ಧಾರವಾಡಕ್ಕೆ ಈ ಅಂಕಿಗಳು ಬರೀ ಕಡತದ ವಿಷಯವಲ್ಲ. 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾದಾಗ ಮಾನದಂಡ ಮುಟ್ಟದ ನಗರಗಳ ಪಟ್ಟಿ ಮಾಡಿದರು. ಕರ್ನಾಟಕದಿಂದ ಅದರಲ್ಲಿ ಬಂದವು ನಾಲ್ಕು: ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡ. ನಮ್ಮ ಅವಳಿ ನಗರದ ಮುಖ್ಯ ತಕರಾರು ಪಿಎಂ 10, ಅಂದರೆ 10 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಒಳಗಿನ ಧೂಳು. ದೇಶದ 2009ರ ಮಾನದಂಡದಂತೆ ಅದರ ವಾರ್ಷಿಕ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು. ಬಿಆರ್‌ಟಿಎಸ್ ಎಂಬ ಬಸ್ಸಿಗೇ ಮೀಸಲಾದ ಪಥದ ಕಾಮಗಾರಿಗಾಗಿ ಎರಡೂ ಊರುಗಳ ನಡುವಿನ ರಸ್ತೆ ಅಗೆದಿದ್ದ ವರ್ಷಗಳನ್ನು ಕಂಡವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಚಿಗರಿ ಬಸ್ಸು ಬಂತು, ಆದರೆ ಅದಕ್ಕೂ ಮೊದಲು ನವನಗರದಿಂದ ಜುಬಿಲಿ ವೃತ್ತದವರೆಗೆ ಅಂಗಡಿಕಾರರೆಲ್ಲ ಧೂಳು ಒರೆಸಿ ಒರೆಸಿ ಬೇಸತ್ತಿದ್ದರು.

ಫಿಲ್ಟರ್ ಬದಲಿಸುತ್ತ ಸಂಶೋಧಕಿಗೆ ಒಂದು ಸಂಗತಿ ಕಾಡಲು ಶುರುವಾಯಿತು. ನಿಯಮದ ಪ್ರಕಾರ ಯಂತ್ರದ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು. ಹತ್ತಿರ ಗೋಡೆ, ಮರ, ಹೊಗೆಗೊಳವೆ ಇರಬಾರದು. ಇಡೀ ನಗರದ ಗಾಳಿಯ ಅಂದಾಜು ಸಿಗಬೇಕೆಂದರೆ ಇದು ಸರಿಯಾದ ನಿಯಮವೇ. ಆದರೆ ಆ ಎತ್ತರದಲ್ಲಿ ಯಾರೂ ಉಸಿರಾಡುವುದಿಲ್ಲ. ಅವರ ತಾಯಿ ಉಸಿರಾಡುತ್ತಿದ್ದುದು ನೆಲದಲ್ಲಿ ಕೂತು, ರಾಶಿಗೆ ಮುಖ ಮಾಡಿ.

ಕಾಣುವ ಧೂಳು, ಕಾಣದ ಧೂಳು

ಹೀಗಾಗಿ ಕಡಿಮೆ ಬೆಲೆಯ ಸೆನ್ಸರ್‌ಗಳು ಬಂದಾಗ ಅವರಿಗೆ ಹಬ್ಬ. ಕೆಲವು ಸಾವಿರ ರೂಪಾಯಿಯ ಡಬ್ಬಿ. ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಇಡಲಾಗದ ಕಡೆಯಲ್ಲೆಲ್ಲ ಇದನ್ನು ತೂಗುಹಾಕಬಹುದು. ಒಂದು ಪ್ರಾಜೆಕ್ಟಿನಲ್ಲಿ ಇವನ್ನು ಹಾವೇರಿ ಜಿಲ್ಲೆಯ ಕೆಲಸದ ಜಾಗಗಳಲ್ಲಿ ಇಟ್ಟು ನೋಡುವ ಯೋಜನೆ ಮಾಡಿದರು. ಬ್ಯಾಡಗಿ ಮೊದಲ ಆಯ್ಕೆ. ಸೋಮವಾರ, ಗುರುವಾರ ಟೆಂಡರ್ ನಡೆಯುವ, ಏಷ್ಯಾದ ದೊಡ್ಡ ಮೆಣಸಿನಕಾಯಿ ಪೇಟೆಗಳಲ್ಲಿ ಒಂದು. ಅಲ್ಲಿ ಸೆನ್ಸರ್ ಹಸಿರು ತೋರಿಸಿದ್ದನ್ನು ಆಗಲೇ ಹೇಳಿದೆ.

ಯಾಕೆ ಹಾಗಾಯಿತು? ಎರಡು ಕಾರಣ, ಎರಡೂ ಪುಸ್ತಕದಲ್ಲಿ ಇರುವಂಥವೇ. ಡಬ್ಬಿಯೊಳಗೆ ಒಂದು ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ, ಲೇಸರ್ ಕಿರಣ ಅದರ ಮೇಲೆ ಬೀಳುತ್ತದೆ, ಕಣಗಳು ಚದುರಿಸಿದ ಬೆಳಕನ್ನು ಲೆಕ್ಕ ಹಾಕಿ ತೂಕ ಊಹಿಸುತ್ತದೆ. ಈ ಜಾತಿಯ ಸೆನ್ಸರ್ ಚೆನ್ನಾಗಿ ಕಾಣುವುದು ಒಂದು ಮೈಕ್ರಾನ್ ಆಸುಪಾಸಿನ ಸಣ್ಣ ಕಣಗಳನ್ನು: ಒಲೆಯ ಹೊಗೆ, ಡೀಸೆಲ್ ಮಸಿ. ದಪ್ಪ ಕಣ ಆ ಸಣ್ಣ ಫ್ಯಾನಿನ ಎಳೆತಕ್ಕೆ ಒಳಗೆ ಬರುವುದೇ ಕಷ್ಟ. ಬಂದರೂ ಲೆಕ್ಕದಲ್ಲಿ ಸರಿಯಾಗಿ ಕೂರುವುದಿಲ್ಲ. ಪಿಎಂ 10 ಎಂದು ಅದು ತೋರಿಸುವ ಅಂಕಿ ಬಹುಪಾಲು ಸಣ್ಣ ಕಣಗಳ ಮೇಲಿಂದ ಹಾಕಿದ ಅಂದಾಜು. ಮಳೆಗಾಲದಲ್ಲಿ ಇದರ ಉಲ್ಟಾ ತೊಂದರೆ: ತೇವ ಹೆಚ್ಚಾದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಸೆನ್ಸರ್ ಇಲ್ಲದ ಮಾಲಿನ್ಯ ತೋರಿಸುತ್ತದೆ. ಧಾರವಾಡದಲ್ಲಿ ಮಳೆಗಾಲದ ಅಂಕಿಗಳನ್ನು ನೋಡಿ ನಮ್ಮ ವಿದ್ಯಾರ್ಥಿಯೊಬ್ಬ ಜುಲೈ ತಿಂಗಳೇ ಅತಿ ಕೊಳಕು ಎಂದು ವಾದಿಸಿದ್ದೂ ಉಂಟು. ಮೆಣಸಿನಕಾಯಿ ಮುರಿದಾಗ ಏಳುವುದು ಸಿಪ್ಪೆಯ ಚೂರು, ಬೀಜದ ಪುಡಿ, ತುಂಬಿನ ತೌಡು. ದಪ್ಪ ಧೂಳು. ಸೆನ್ಸರಿಗೆ ಅದು ಇಲ್ಲದ ಹಾಗೆಯೇ.

ಎರಡನೇ ಕಾರಣ ಇನ್ನೂ ಆಳದ್ದು. ಕೆಮ್ಮು ಬರುತ್ತಿದ್ದುದು ಧೂಳಿನ ತೂಕದಿಂದಲ್ಲ. ಮೆಣಸಿನಕಾಯಿಯ ಖಾರ ಅಂದರೆ ಕ್ಯಾಪ್ಸೈಸಿನ್. ನಮ್ಮ ಮೂಗು, ಗಂಟಲು, ಶ್ವಾಸನಾಳದ ನರತುದಿಗಳಲ್ಲಿ ಅದನ್ನು ಹಿಡಿಯುವ ಒಂದು ಗ್ರಾಹಿ ಇದೆ. ಟಿಆರ್‌ಪಿವಿ1 ಎಂಬ ಆ ಗ್ರಾಹಿಯನ್ನು 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಗುರುತಿಸಿತು, 2021ರ ವೈದ್ಯಕೀಯ ನೊಬೆಲ್ ಅವರಿಗೆ ಬಂದದ್ದು ಇದರಿಂದಲೇ. ಸುಡುವ ಬಿಸಿಗೂ ಕ್ಯಾಪ್ಸೈಸಿನ್‌ಗೂ ಅದು ಒಂದೇ ಸಂಕೇತ ಕಳಿಸುತ್ತದೆ. ಆಸ್ಪತ್ರೆಗಳಲ್ಲಿ ಕೆಮ್ಮಿನ ಸೂಕ್ಷ್ಮತೆ ಅಳೆಯಲು ಕ್ಯಾಪ್ಸೈಸಿನ್ ದ್ರಾವಣದ ಸಣ್ಣ ತುಂತುರನ್ನೇ ಬಳಸುತ್ತಾರೆ. ಇಷ್ಟೇ ಮೈಕ್ರೋಗ್ರಾಂ ಮಣ್ಣಿನ ಧೂಳೂ ಇಷ್ಟೇ ಮೈಕ್ರೋಗ್ರಾಂ ಖಾರದ ಧೂಳೂ ಮಾನದಂಡದ ಕಣ್ಣಿಗೆ ಒಂದೇ. ಗಂಟಲಿಗೆ ಒಂದೇ ಅಲ್ಲ. ಬ್ಯಾಡಗಿ ತಳಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದ್ದೂ ಆ ಗುಣಕ್ಕಾಗಿ. ಆದರೆ ಪೇಟೆಗೆ ಬರುವುದು ಅದೊಂದೇ ಅಲ್ಲ, ಗುಂಟೂರು ಕಡೆಯ ಖಾರದ ತಳಿಗಳೂ ಬರುತ್ತವೆ. ಗುಂಟೂರು ಚೀಲ ಬಿಚ್ಚಿದ ದಿನ ಮಾತಾಡಲಿಕ್ಕೂ ಆಗುವುದಿಲ್ಲ ಎಂದು ಹೆಂಗಸರು ಹೇಳಿದ್ದನ್ನು ಸಂಶೋಧಕಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದರು. ನನ್ನ ಲೆಕ್ಕದಲ್ಲಿ ಆ ಇಡೀ ಪ್ರಾಜೆಕ್ಟಿನ ಅತ್ಯಂತ ಬೆಲೆಬಾಳುವ ದತ್ತಾಂಶ ಅದು.

ಸೆನ್ಸರ್ ಸಣ್ಣ ಕಣಗಳನ್ನಷ್ಟೇ ಹುಡುಕುವುದಕ್ಕೂ ಒಂದು ಇತಿಹಾಸವಿದೆ. ಅಮೆರಿಕದ ಆರು ನಗರಗಳ ಅಧ್ಯಯನ 1993ರಲ್ಲಿ ಪ್ರಕಟವಾಯಿತು. 8,111 ವಯಸ್ಕರನ್ನು 14ರಿಂದ 16 ವರ್ಷ ಹಿಂಬಾಲಿಸಿ, ಬೀಡಿ-ಸಿಗರೇಟು, ತೂಕ, ಓದು ಎಲ್ಲವನ್ನೂ ಲೆಕ್ಕದಿಂದ ಬೇರ್ಪಡಿಸಿದ ಮೇಲೂ, ಅತಿ ಮಲಿನ ನಗರದಲ್ಲಿ ಸಾವಿನ ಪ್ರಮಾಣ ಅತಿ ಸ್ವಚ್ಛ ನಗರಕ್ಕಿಂತ ಶೇ 26 ಹೆಚ್ಚು ಎಂದು ಅದು ತೋರಿಸಿತು. ಸಂಬಂಧ ಎದ್ದು ಕಂಡದ್ದು ಸಣ್ಣ ಕಣಗಳ ಜೊತೆ. ಅಲ್ಲಿಂದ ಮುಂದೆ ಪಿಎಂ 2.5, ಅಂದರೆ 2.5 ಮೈಕ್ರಾನ್ ಒಳಗಿನ ಧೂಳು, ಈ ಕ್ಷೇತ್ರದ ರಾಜ. ನಮ್ಮ ದೇಶದ ವಾರ್ಷಿಕ ಮಿತಿ 40, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಳಿಸಿಕೊಂಡ ಮಿತಿ 5. ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಎಂದರೆ ಅದನ್ನೇ ಅಳೆಯಬೇಕು, ಅನುಮಾನವಿಲ್ಲ. ಆದರೆ ಒಂದು ಅಂಕಿ ಅಷ್ಟು ಯಶಸ್ವಿಯಾದರೆ ಅದು ಅಳೆಯದ್ದೆಲ್ಲ ಇಲ್ಲವೇ ಇಲ್ಲ ಎಂಬ ಭಾವನೆ ಹುಟ್ಟಿಬಿಡುತ್ತದೆ. ಪ್ರಾಜೆಕ್ಟಿನ ಹಿರಿಯರೊಬ್ಬರು ಬ್ಯಾಡಗಿಯ ಹಸಿರು ಅಂಕಿ ನೋಡಿ, "ಇಲ್ಲಿ ಸಮಸ್ಯೆ ಇಲ್ಲ, ಬೇರೆ ಜಾಗ ನೋಡಮ್ಮ" ಎಂದೇ ಹೇಳಿದರು.

ಮೂಗಿನಿಂದ ಒಂದು ಗೇಣು

ಅವರು ಬೇರೆ ಜಾಗ ನೋಡಲಿಲ್ಲ. ಯಂತ್ರ ಬದಲಿಸಿದರು. ಕೆಲಸಗಾರರ ಆರೋಗ್ಯ ನೋಡುವವರು ಬಹಳ ಹಿಂದಿನಿಂದ ಬಳಸುವ ವಿಧಾನವೊಂದಿದೆ: ಸೊಂಟಕ್ಕೆ ಸಣ್ಣ ಪಂಪು, ಅಲ್ಲಿಂದ ಒಂದು ನಳಿಕೆ, ಕೊರಳ ಪಟ್ಟಿಯ ಹತ್ತಿರ ಫಿಲ್ಟರ್ ಇರುವ ಪುಟ್ಟ ಬಿಲ್ಲೆ. ಮೂಗಿನ ಸುತ್ತ 30 ಸೆಂಟಿಮೀಟರ್ ಒಳಗೆ ಅದು ಇರಬೇಕು. ನಿಮಿಷಕ್ಕೆ ಎರಡು ಲೀಟರ್ ಗಾಳಿ ಎಳೆಯುತ್ತದೆ. ಬಾಯಿ ಬೇರೆ ಬೇರೆ ಥರ ಇರುತ್ತದೆ. ಮೂಗು-ಬಾಯಿಯೊಳಗೆ ಹೋಗಬಲ್ಲ ದಪ್ಪ ಧೂಳನ್ನೂ ಹಿಡಿಯುವ ಬಾಯಿಯನ್ನು ಅವರು ಆರಿಸಿಕೊಂಡರು. ಸೀರೆ ಉಟ್ಟವರಿಗೆ ಕೊರಳ ಪಟ್ಟಿ ಎಲ್ಲಿ? ಸೆರಗಿಗೆ ಸಿಕ್ಕಿಸಿದರೆ ಸೆರಗು ಜಾರಿ ಬಿಲ್ಲೆ ರಾಶಿಗೇ ಬೀಳುತ್ತಿತ್ತು. ರವಿಕೆಯ ಭುಜಕ್ಕೆ ಪಿನ್ನು ಹಾಕಿದರೆ ಸೆರಗು ಅದರ ಬಾಯಿ ಮುಚ್ಚುತ್ತಿತ್ತು. ಕೊನೆಗೆ ಕುತ್ತಿಗೆಗೆ ಹಾಕುವ ಒಂದು ಬಟ್ಟೆಪಟ್ಟಿಯನ್ನು ಬ್ಯಾಡಗಿಯ ಟೈಲರ್ ಒಬ್ಬರಿಂದಲೇ ಹೊಲಿಸಿದರು. ವಿದೇಶಿ ಕೈಪಿಡಿಗಳಲ್ಲಿ ಇದಕ್ಕೆ ಚಿತ್ರವಿಲ್ಲ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. ಕರ್ಕ್ ಸ್ಮಿತ್ ಅಮೆರಿಕದವರು. ಹವಾಯಿಯ ಸಂಶೋಧನಾ ಕೇಂದ್ರವೊಂದರಲ್ಲಿ ಅಣುಶಕ್ತಿಯೂ ಸೇರಿದಂತೆ ಇಂಧನಗಳ ಅಪಾಯವನ್ನು ಲೆಕ್ಕ ಹಾಕುತ್ತಿದ್ದವರು. ಜಗತ್ತಿನ ಅರ್ಧ ಜನ ಸೌದೆ-ಸಗಣಿಯಲ್ಲಿ ಅಡುಗೆ ಮಾಡುವಾಗ ಆ ಹೊಗೆಯನ್ನು ಯಾರೂ ಅಳೆದಿಲ್ಲವಲ್ಲ ಎಂದು 1981ರಲ್ಲಿ ಗುಜರಾತಿನ ಹಳ್ಳಿಗಳಿಗೆ ಬಂದು, ಅಡುಗೆ ಮಾಡುವ ಹೆಂಗಸರ ಮೈಗೇ ಇಂಥ ಪಂಪು ಕಟ್ಟಿ ಅಳೆದರು. ಸಿಕ್ಕ ಅಂಕಿಗಳು ಆಗಿನ ನಗರಗಳ ಅಂಕಿಗಳನ್ನು ಎಷ್ಟೋ ಪಟ್ಟು ಮೀರಿದ್ದವು. ವಾಯುಮಾಲಿನ್ಯ ಎಂದರೆ ಕಾರ್ಖಾನೆಯ ಚಿಮಣಿ ಎಂದು ತಿಳಿದಿದ್ದ ಕ್ಷೇತ್ರ ಅಡುಗೆಮನೆಯ ಒಳಗೆ ಬರಲು ಅಲ್ಲಿಂದಲೂ ದಶಕಗಳೇ ಬೇಕಾದವು. ಗ್ವಾಟೆಮಾಲದಲ್ಲಿ ಚಿಮಣಿ ಒಲೆ ಕೊಟ್ಟು ಮಕ್ಕಳ ನ್ಯುಮೋನಿಯಾ ಎಷ್ಟು ಇಳಿಯುತ್ತದೆಂದು ನೋಡಿದ ಅವರ ಪ್ರಯೋಗ 2011ರಲ್ಲಿ ಪ್ರಕಟವಾದಾಗ, ಒಟ್ಟಾರೆ ಇಳಿಕೆ ಸಂಖ್ಯಾಶಾಸ್ತ್ರದ ಹಿಡಿತಕ್ಕೆ ಸಿಗಲಿಲ್ಲ, ಅದು ಆಕಸ್ಮಿಕವೂ ಇರಬಹುದಿತ್ತು. ತೀವ್ರ ನ್ಯುಮೋನಿಯಾ ಮಾತ್ರ ಇಳಿದಿತ್ತು. ಅದನ್ನು ಇದ್ದ ಹಾಗೆಯೇ ಬರೆದರು. 2020ರಲ್ಲಿ ತೀರಿಕೊಂಡರು. ಚೆನ್ನೈನ ಕಲ್ಪನಾ ಬಾಲಕೃಷ್ಣನ್ ಮೊದಲಾದವರು ತಮಿಳುನಾಡಿನಲ್ಲೂ ಭಾಗವಹಿಸಿದ ಮುಂದಿನ ಪ್ರಯೋಗ ಸುಮಾರು 3,200 ಗರ್ಭಿಣಿಯರದು, ನಾಲ್ಕು ದೇಶಗಳದು. ಗ್ಯಾಸ್ ಕೊಟ್ಟ ಮನೆಗಳಲ್ಲಿ ಹೊಗೆ ಚೆನ್ನಾಗಿಯೇ ಇಳಿಯಿತು, ಆದರೆ ಮಗುವಿನ ಜನನ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದೂ 2022ರಲ್ಲಿ ಹಾಗೆಯೇ ಪ್ರಕಟವಾಯಿತು. ಈ ವೃತ್ತಿಗೆ ಬರುವವರು ಮೊದಲು ಓದಬೇಕಾದದ್ದು ಇಂಥ 'ಸೋತ' ಪ್ರಬಂಧಗಳನ್ನು ಎಂಬುದು ನನ್ನ ಹಟ.

ಇನ್ನೊಂದು ಮಾತು. ಈ ಕ್ಷೇತ್ರದ ದೊಡ್ಡವರಲ್ಲಿ ಹಲವರು ಹೊರಗಿನಿಂದ ಬಂದವರು. ಯೂಟಾದಲ್ಲಿ ಮುಷ್ಕರದಿಂದ ಉಕ್ಕಿನ ಕಾರ್ಖಾನೆಯೊಂದು 1986-87ರಲ್ಲಿ 13 ತಿಂಗಳು ಮುಚ್ಚಿದಾಗ, ಆಸ್ಪತ್ರೆಗೆ ಸೇರುವ ಮಕ್ಕಳ ಸಂಖ್ಯೆ ಇಳಿದದ್ದನ್ನು ಪತ್ತೆ ಮಾಡಿದ ಆರ್ಡನ್ ಪೋಪ್ ಅರ್ಥಶಾಸ್ತ್ರಜ್ಞ. ನಮ್ಮ ಸಂಶೋಧಕಿಗೆ ಈ ಸಮಾಧಾನ ಬೇಕಿತ್ತು, ಯಾಕೆಂದರೆ ಪರಿಸರ ವಿಭಾಗದವರಿಗೆ ಅವರು ರೋಗದ ಬೆನ್ನು ಹತ್ತಿದವರು, ವೈದ್ಯಕೀಯದವರಿಗೆ ಎಂಬಿಬಿಎಸ್ ಇಲ್ಲದವರು.

ಊದಿಸುವ ಕಷ್ಟ

ಫಿಲ್ಟರ್ ತೂಕಗಳು ಬಂದವು. ಪ್ರಕಟವಾಗದ ಅಂಕಿಗಳನ್ನು ಇಲ್ಲಿ ಹೇಳುವುದು ಸರಿಯಲ್ಲ. ಸೆನ್ಸರ್ ತೋರಿಸಿದ್ದಕ್ಕೂ ಕೊರಳ ಬಿಲ್ಲೆ ಹೇಳಿದ್ದಕ್ಕೂ ಸಂಬಂಧವೇ ಇರಲಿಲ್ಲ ಎಂದಷ್ಟೇ ಹೇಳಬಹುದು. ಆಮೇಲಿನ ಪ್ರಶ್ನೆ: ಇದರಿಂದ ಯಾರಿಗಾದರೂ ಕಾಯಿಲೆ ಆಗಿದೆಯೇ?

ಅದಕ್ಕೆ ಸ್ಪೈರೋಮೀಟರ್, ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಯಂತ್ರ. ಪೂರ್ತಿ ಉಸಿರು ಎಳೆದು, ಒಮ್ಮೆಲೇ ಜೋರಾಗಿ ಬಿಟ್ಟು, ಇನ್ನು ಗಾಳಿಯೇ ಬರುವುದಿಲ್ಲ ಎನ್ನುವತನಕ ಬಿಡುತ್ತಲೇ ಇರಬೇಕು. ಸರಿಯಾದ ಮೂರು ಊದು ಬೇಕು, ಅದರಲ್ಲಿ ಉತ್ತಮವಾದ ಎರಡರ ನಡುವೆ 150 ಮಿಲಿಲೀಟರ್‌ಗಿಂತ ಹೆಚ್ಚು ಅಂತರ ಇರಬಾರದು. ಕೈಪಿಡಿಯಲ್ಲಿ ಹುಟ್ಟುಹಬ್ಬದ ಮೇಣದಬತ್ತಿ ಆರಿಸಿದ ಹಾಗೆ ಎಂದು ಹೇಳಿಕೊಡಲು ಬರೆದಿದೆ. ಆ ಹೆಂಗಸರ ಪೈಕಿ ಮೇಣದಬತ್ತಿ ಆರಿಸಿ ಹುಟ್ಟುಹಬ್ಬ ಮಾಡಿಕೊಂಡವರು ಯಾರೂ ಇರಲಿಲ್ಲ. ಊದುಗೊಳವೆ ಎಲ್ಲರಿಗೂ ಗೊತ್ತು, ಆದರೆ ಅದನ್ನು ಊದುವುದು ನಿಧಾನಕ್ಕೆ, ಒಂದೇ ಸಮ. ಪರೀಕ್ಷೆಗೆ ಅದು ಪಕ್ಕಾ ತಪ್ಪು ಊದು. ಎಲ್ಲರ ಗ್ರಾಫೂ ಮಲಗಿಕೊಂಡೇ ಬರುತ್ತಿತ್ತು. ಕೆಲವು ದಿನ ಒದ್ದಾಡಿದ ಮೇಲೆ "ಒಂದs ಊದಿಗೆ ಉರಿ ಭಗ್ ಅಂತ ಹತ್ತಬೇಕ್ರಿ, ಹಂಗ ಊದ್ರಿ" ಎಂದು ಹೇಳತೊಡಗಿದರು. ಗ್ರಾಫ್ ಎದ್ದು ನಿಂತಿತು.

ಗ್ರಾಫ್ ಎದ್ದು ನಿಂತದ್ದೇ ಹೊಸ ತೊಡಕಾಯಿತು. ಎಷ್ಟೋ ವರ್ಷದಿಂದ ತುಂಬು ಬಿಡಿಸುತ್ತಿರುವ ಹೆಂಗಸರ ಶ್ವಾಸಕೋಶ ನೋಡಿದರೆ ಅಂಥ ಕೆಟ್ಟದಾಗಿರಲಿಲ್ಲ. ಸಲಹಾ ಸಮಿತಿಯ ಸಭೆಯಲ್ಲಿ ಒಬ್ಬರು ಇದನ್ನು ನೋಡಿ ಖುಷಿಪಟ್ಟರು. ನನಗೆ ಅನುಮಾನ ಬಂತು, ಸಂಶೋಧಕಿಗೆ ಅದಕ್ಕೂ ಮೊದಲೇ ಬಂದಿತ್ತು. ತಡೆಯಲಾರದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಉಳಿದವರು ಗಟ್ಟಿಗರು. ಉಳಿದವರನ್ನಷ್ಟೇ ಅಳೆದರೆ ಕೆಲಸ ಆರೋಗ್ಯಕ್ಕೆ ಒಳ್ಳೆಯದು ಎಂಬ ತೀರ್ಮಾನಕ್ಕೂ ಬರಬಹುದು. ಕಾರ್ಮಿಕ ಆರೋಗ್ಯದಲ್ಲಿ ಇದು ಹಳೆಯ ಬಲೆ. ಇದರಿಂದ ಹೊರಬರಲು ಒಂದೇ ದಾರಿ: ಬಿಟ್ಟುಹೋದವರನ್ನು ಹುಡುಕುವುದು. ಗೋದಾಮಿನಲ್ಲಿ ಹಾಜರಿ ಪುಸ್ತಕವಿಲ್ಲ, ಕೂಲಿ ಕೆಜಿ ಲೆಕ್ಕದ್ದು. ಅವರು ಹಳ್ಳಿಗಳ ಸ್ವಸಹಾಯ ಸಂಘಗಳ ಸಭೆಗೆ ಹೋಗಿ, ಮೊದಲು ಮೆಣಸಿನಕಾಯಿಗೆ ಹೋಗುತ್ತಿದ್ದವರು ಯಾರು, ಯಾಕೆ ಬಿಟ್ಟಿರಿ ಎಂದು ಕೇಳುತ್ತ ಹೆಸರು ಕೂಡಿಸಿದರು. ಮಗಳ ಮದುವೆ, ಮೊಣಕಾಲು, ಗೋವಿನಜೋಳದ ಕೆಲಸದಲ್ಲಿ ಕೂಲಿ ಜಾಸ್ತಿ. ಇವೆಲ್ಲದರ ನಡುವೆ "ದಮ್ಮು ಬರಾಕತ್ತು, ಬಿಟ್ಟೆ" ಎಂದವರೂ ಸಿಕ್ಕರು. ಅವರ ತಾಯಿಯೂ ಬಿಟ್ಟವರೇ. ಆದರೆ ತಾಯಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲಿಲ್ಲ, ಅದು ಸರಿಯಾದ ನಿರ್ಧಾರ.

ಆಮೇಲೆ ಒಲೆ. ಉಜ್ವಲ ಯೋಜನೆ 2016ರ ಮೇ 1ರಂದು ಶುರುವಾದ ಮೇಲೆ ಈ ಹಳ್ಳಿಗಳಲ್ಲೂ ಸಿಲಿಂಡರ್ ಬಂದಿದೆ. ಚಹಾ, ಅನ್ನ ಗ್ಯಾಸಿನ ಮೇಲೆ. ರೊಟ್ಟಿ ಮಾತ್ರ ಒಲೆಯ ಮೇಲೆ. ಹಂಚು ಅಗಲ, ಉರಿ ಹರಡಬೇಕು, ಸಿಲಿಂಡರ್ ಬೇಗ ಮುಗಿಯಬಾರದು. ಹತ್ತಿಕಟ್ಟಿಗೆ, ಗೋವಿನಜೋಳದ ದಂಟು, ತೆನೆಕಡ್ಡಿ ಪುಕ್ಕಟೆ ಸಿಗುವಾಗ ಯಾರು ಬಿಡುತ್ತಾರೆ? ಪ್ರಶ್ನಾವಳಿಯಲ್ಲಿ 'ನಿಮ್ಮ ಮನೆಯಲ್ಲಿ ಗ್ಯಾಸ್ ಇದೆಯೇ' ಎಂದು ಕೇಳಿದರೆ ಎಲ್ಲರೂ ಹೌದು. ಸಂಶೋಧಕಿ ಅದನ್ನು ಹೊಡೆದು 'ನಿನ್ನೆ ರೊಟ್ಟಿ ಯಾವುದರ ಮೇಲೆ ಮಾಡಿದಿರಿ' ಎಂದು ಬರೆದರು. ಉತ್ತರಗಳು ಉಲ್ಟಾ ಆದವು. ಹಗಲಿನ ಖಾರ, ಬೆಳಗು-ಸಂಜೆಯ ಹೊಗೆ, ಇದರಲ್ಲಿ ಯಾವುದು ಎದೆಗೆ ಏನು ಮಾಡಿತು ಎಂದು ಬಿಡಿಸಿ ಹೇಳುವುದು ಒಂದು ಹಂಗಾಮಿನ ಅಧ್ಯಯನದಿಂದ ಆಗುವ ಕೆಲಸವಲ್ಲ.

ಹತ್ತಿ ಗಿರಣಿಗಳ ಕಾಯಿಲೆ ನೋಡಿದ್ದ ಹಿರಿಯ ವೈದ್ಯರೊಬ್ಬರು ವಾರದ ಯಾವ ದಿನ ಎದೆ ಹೆಚ್ಚು ಬಿಗಿಯುತ್ತದೆ ಕೇಳಿ ಎಂದು ಸೂಚಿಸಿದರು. ಹತ್ತಿ ಧೂಳಿನ ಬಿಸ್ಸಿನೋಸಿಸ್‌ನಲ್ಲಿ ರಜೆ ಮುಗಿಸಿ ಬಂದ ಸೋಮವಾರ ಎದೆ ಬಿಗಿತ ಜೋರು, ವಾರ ಕಳೆದಂತೆ ಇಳಿಯುತ್ತದೆ. ಬ್ಯಾಡಗಿಯಲ್ಲೂ ಸೋಮವಾರ ಎಂದೇ ಉತ್ತರ ಬಂತು. ಆದರೆ ಸೋಮವಾರ ಪೇಟೆಯ ದಿನ, ಮಾಲು ಬರುವ ದಿನ! ಆ ಸುಳಿವು ಅಲ್ಲಿಗೆ ನಿಂತಿತು. ಬಿಸ್ಸಿನೋಸಿಸ್ ಹಳೆಯ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ತುಂಬು ಬಿಡಿಸುವವರು ಕಾರ್ಖಾನೆಯಲ್ಲಿ ಇಲ್ಲ, ಹಾಜರಿಯಲ್ಲೂ ಇಲ್ಲ. ಮೆಣಸಿನಕಾಯಿ ಕೆಲಸಗಾರರ ಕೆಮ್ಮಿನ ಬಗ್ಗೆ ಅಮೆರಿಕದಲ್ಲಿ ಪಾಲ್ ಬ್ಲಾಂಕ್ ತಂಡ 1991ರಲ್ಲೇ ಬರೆದಿತ್ತು, ಕೆಮ್ಮಿನ ದೂರು ಅವರಲ್ಲಿ ಹೆಚ್ಚು ಎಂದು. ಅದನ್ನು ಮೊದಲೇ ಹುಡುಕಿ ಓದಿದ್ದರೆ ಪ್ರಾಜೆಕ್ಟಿನ ಹಿರಿಯರು 'ಸಮಸ್ಯೆ ಇಲ್ಲ' ಎನ್ನುತ್ತಿರಲಿಲ್ಲವೇನೋ.

ಸುದ್ದಿ, ವ್ಯಾಪಾರ, ಸಂಬಳ

2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ರೈತರು ಸಿಟ್ಟಿಗೆದ್ದು ಪೇಟೆಯಲ್ಲಿ ವಾಹನಗಳಿಗೆ ಬೆಂಕಿ ಇಟ್ಟ ಮೇಲೆ, ಯಂತ್ರ ಹಿಡಿದು ಬರುವ ಹೊರಗಿನವರನ್ನು ಕಂಡರೆ ವರ್ತಕರಿಗೆ ಇನ್ನಷ್ಟು ಗುಮಾನಿ. ಧೂಳಿನ ಸುದ್ದಿ ಬಂದರೆ ಮಾಲಿಗೆ ಕೆಟ್ಟ ಹೆಸರು ಎಂಬ ಭಯ ಅವರದು, ಅದು ಸುಳ್ಳು ಭಯವೂ ಅಲ್ಲ. ಇತ್ತ 'ಮೆಣಸಿನಕಾಯಿ ಧೂಳಿನಿಂದ ಅಸ್ತಮಾ' ಎಂಬ ಶೀರ್ಷಿಕೆ ಬೇಕೆಂದು ಒಬ್ಬ ವರದಿಗಾರ ಬೆನ್ನುಬಿದ್ದ. ಸಂಶೋಧಕಿ ಕೊಡಲಿಲ್ಲ. ಕೆಮ್ಮು ಇದೆ, ಧೂಳು ಇದೆ, ಅಸ್ತಮಾ ಆಗುತ್ತದೆಂದು ಹೇಳಲು ನನ್ನ ಹತ್ತಿರ ಆಧಾರ ಇಲ್ಲ ಎಂದರು. ಸಂಘಟನೆಯ ಗೆಳೆಯರು ಹೇಡಿ ಎಂದು ಬೈದರು. ನಾನು ಸಂಶೋಧಕಿಯ ಪರ. ಆದರೆ ಒಂದು ವಿಷಯದಲ್ಲಿ ಮಾತ್ರ ಅವರ ಜೊತೆ ನನಗೆ ಜಗಳ: ಪ್ರಬಂಧ ಬರುವತನಕ ಹೆಂಗಸರಿಗೆ ಅವರವರ ಫಲಿತಾಂಶವನ್ನೂ ತಡೆದಿಟ್ಟಿದ್ದರು. ಊದಿದವರಿಗೆ ತಮ್ಮ ಉಸಿರಿನ ಅಂಕಿ ಅದೇ ದಿನ, ಕನ್ನಡದಲ್ಲಿ, ಒಂದು ಚೀಟಿಯಲ್ಲಿ ಸಿಗಬೇಕಿತ್ತು. ಈಗ ಸಿಗುತ್ತಿದೆ.

ಪರಿಹಾರ ಹೇಳುವುದೂ ಸಲೀಸಲ್ಲ. ನೀರು ಚಿಮುಕಿಸಿದರೆ ಧೂಳು ಕೂರುತ್ತದೆ. ಅದೇ ತೇವದಲ್ಲಿ ಬೂಷ್ಟು ಬಂದು ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ, ರಫ್ತು ಮಾಲು ತಿರಸ್ಕಾರವಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಗೋದಾಮಿನೊಳಗೆ ಎನ್95 ಮಾಸ್ಕ್ ಹಾಕಿಕೊಂಡು ದಿನವಿಡೀ ಕೂರಿ ಎಂದು ಹೇಳುವವರು ಮೊದಲು ತಾವು ಒಂದು ತಾಸು ಕೂತು ನೋಡಲಿ. ಗಾಳಿ ಹೊಡೆಯುವ ದಿಕ್ಕಿಗೆ ಬೆನ್ನು ಮಾಡಿ ಕೂರುವುದು, ತೆರೆದ ಚಪ್ಪರದಡಿ ಕೆಲಸ, ಜರಡಿ ಹಿಡಿಯುವ ಜಾಗವನ್ನು ತುಂಬು ಬಿಡಿಸುವ ಜಾಗದಿಂದ ದೂರ ಇಡುವುದು. ಇಷ್ಟನ್ನು ಒಬ್ಬ ವರ್ತಕರು ಮಾಡಿ ನೋಡಲು ಒಪ್ಪಿದ್ದಾರೆ.

ಸಂಬಳದ ಮಾತನ್ನು ಮುಚ್ಚಿಡಬಾರದು. ಜೆಆರ್‌ಎಫ್ ಎಂಬ ಕಿರಿಯ ಸಂಶೋಧಕರ ಮಾಸಿಕ ವೇತನ 2023ರ ಜನವರಿಯಿಂದ 37,000 ರೂಪಾಯಿ, ಎರಡು ವರ್ಷದ ಮೇಲೆ ಹಿರಿಯ ಸಂಶೋಧಕರ ಎಸ್‌ಆರ್‌ಎಫ್ 42,000. ಪ್ರಾಜೆಕ್ಟ್ ಮುಗಿದರೆ ಅದೂ ಮುಗಿಯಿತು. ಅವರದು ಮುಗಿದಾಗ ಎದುರಿಗೆ ಎರಡು ದಾರಿ ಇದ್ದವು: ಹುಬ್ಬಳ್ಳಿಯಲ್ಲಿ ಹನ್ನೊಂದು ತಿಂಗಳ ಗುತ್ತಿಗೆಯ ಕೆಲಸ, ಇಲ್ಲವೇ ಬೆಂಗಳೂರಿನ ಸೆನ್ಸರ್ ಕಂಪನಿಯಲ್ಲಿ ಯಂತ್ರಗಳನ್ನು ತಾಳೆ ನೋಡುವ ಒಳ್ಳೆಯ ಸಂಬಳದ ಕೆಲಸ. ಊರಿನ ಸೇವೆ ಬಿಟ್ಟು ಹೋದಳು ಎಂದು ಕೆಲವರು ಮೂಗು ಮುರಿದರೂ, ಅವರು ಬೆಂಗಳೂರಿಗೆ ಹೋದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಸಾಲವಿತ್ತು. ಅಲ್ಲದೆ ಸೆನ್ಸರ್ ಏನನ್ನು ಕಾಣುವುದಿಲ್ಲ ಎಂದು ಬ್ಯಾಡಗಿಯಲ್ಲಿ ಕಲಿತವರು ಆ ಕಂಪನಿಗಳ ಒಳಗೆ ಇರಬೇಕು. ಅವರ ಮೊದಲ ಪ್ರಬಂಧ ಬಂದದ್ದೂ ಆ ವಿಷಯದ ಮೇಲೆಯೇ: ದಪ್ಪ ಧೂಳಿನ ಮುಂದೆ ಅಗ್ಗದ ಸೆನ್ಸರ್‌ನ ಮಿತಿ. ಎದೆಯ ಕಥೆ ಇನ್ನೂ ಬಂದಿಲ್ಲ. ಪಿಎಚ್‌ಡಿ ಅರೆಕಾಲಿಕವಾಗಿ ಧಾರವಾಡದಲ್ಲೇ ನಡೆದಿದೆ. ಹಂಗಾಮಿನಲ್ಲಿ ರಜೆ ಹಾಕಿ ಬರುತ್ತಾರೆ.

ಎರಡನೇ ಹಂಗಾಮಿನ ಕೆಲಸ ಈಗ ಎಥಿಕ್ಸ್ ಕಮಿಟಿಯ, ಅಂದರೆ ಜನರ ಮೇಲಿನ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಸಮಿತಿಯ, ಮೇಜಿನ ಮೇಲಿದೆ. ಪರಿಸರ ವಿಭಾಗಕ್ಕೆ ಅಂಥ ಕಮಿಟಿ ಇಲ್ಲದ ಕಾರಣ ವೈದ್ಯಕೀಯ ಕಾಲೇಜಿನ ಕಮಿಟಿಗೇ ಅರ್ಜಿ ಹೋಗುತ್ತದೆ. ಕಮಿಟಿಯವರು ಕೇಳಿರುವುದು ಒಂದೇ ಪ್ರಶ್ನೆ: ಊದು ಕೆಟ್ಟು ಬಂದವರಿಗೆ ಚಿಕಿತ್ಸೆ ಕೊಡಿಸುವವರು ಯಾರು, ಯಾವ ಆಸ್ಪತ್ರೆಯಲ್ಲಿ, ಯಾವ ದಿನ? ಸಂಶೋಧಕಿ ತಾಲ್ಲೂಕು ಆಸ್ಪತ್ರೆಯ ವೈದ್ಯರ ಒಪ್ಪಿಗೆ ಪತ್ರ ತಂದಿದ್ದಾರೆ. ಸೋಮವಾರ, ಗುರುವಾರ ಬಿಟ್ಟು ಬೇರೆ ದಿನ ಕಳಿಸಿ, ಆ ಎರಡು ದಿನ ಕೂಲಿ ಬಿಟ್ಟು ಯಾರೂ ಬರುವುದಿಲ್ಲ ಎಂದು ವೈದ್ಯರೇ ಪತ್ರದ ಕೆಳಗೆ ಕೈಬರಹದಲ್ಲಿ ಸೇರಿಸಿದ್ದಾರೆ. ಇನ್‌ಹೇಲರ್ ದಾಸ್ತಾನು ಎಷ್ಟಿದೆ ಎಂಬ ಪಟ್ಟಿ ಬರಬೇಕಿದೆ.